ಕರಿಯನಿಗೆ ವಯಸ್ಸಾಯ್ತು ಅಂದುಕೊಂಡ ಹತ್ತು ದಿನ

ನಮ್ಮ ನಾಯಿ ಕರಿಯನಿಗೆ ಆಗ ಹದಿಮೂರು ವರ್ಷ. ತಾಯಿ ನಾಟಿ, ತಂದೆ ಯಾರದೋ ಮನೆಯ ಲ್ಯಾಬ್ರಡಾರ್. ತೂಕ 24 ಕಿಲೋ. ಚಳಿ ಶುರುವಾದ ಮೇಲೆ ಬೆಳಿಗ್ಗೆ ಏಳುವಾಗ ಹಿಂಗಾಲು ನಡುಗುತ್ತಿತ್ತು. ಜಗಲಿಯ ಎರಡು ಮೆಟ್ಟಿಲು ಹತ್ತೋಕೂ ನಮ್ಮ ಮುಖ ನೋಡುತ್ತಿದ್ದ. ತಿಪಟೂರಿನಲ್ಲಿ ಡಾಕ್ಟರಿಗೆ ತೋರಿಸಿದೆವು. ಸೊಂಟದ ಕೀಲು ಸವೆದಿದೆ ಅಂದರು. ನೋವಿಗೆ ಮೆಲೋಕ್ಸಿಕಾಮ್ ಅನ್ನೋ ಸಿರಪ್ ಬರೆದರು. ಮೊದಲ ದಿನ ಕಿಲೋಗೆ 0.2 ಮಿಲಿಗ್ರಾಂ, ಆಮೇಲೆ ದಿನಕ್ಕೊಮ್ಮೆ 0.1, ಹೊಟ್ಟೆಗೆ ಏನಾದರೂ ಬಿದ್ದ ಮೇಲೆ.

ಮೂರನೇ ದಿನಕ್ಕೆ ಹಾಲಿನವನ ಬೈಕ್ ಸದ್ದು ಕೇಳಿ ಗೇಟಿನವರೆಗೆ ಓಡಿದ. ಮನೆಯವರಿಗೆಲ್ಲ ಖುಷಿ. ನಾವು ಮೋಸ ಹೋಗಿದ್ದೇ ಅಲ್ಲಿ. ಅಷ್ಟು ಚೆನ್ನಾಗಿ ಕೆಲಸ ಮಾಡಿದ ಔಷಧಿಯ ಮೇಲೆ ಯಾರಿಗೆ ಅನುಮಾನ ಬರುತ್ತೆ?

ಮೂರನೇ ವಾರದಲ್ಲಿ ಮುದ್ದೆ ಅರ್ಧಕ್ಕೇ ಬಿಟ್ಟ. ವಯಸ್ಸಾಯ್ತಲ್ಲ, ಅಂದುಕೊಂಡೆವು. ದಿನವೆಲ್ಲ ಮಲಗಿರುತ್ತಿದ್ದ. ಚಳಿ ಜಾಸ್ತಿ, ಅಂದುಕೊಂಡೆವು. ಬಚ್ಚಲಿನ ಬಕೆಟ್‌ಗೆ ಮೂತಿ ಹಾಕಿ ನೀರು ಕುಡಿಯೋದು ಹೊಸದು, ಅದಕ್ಕೂ ಏನೋ ಒಂದು ಕಾರಣ ಹುಡುಕಿದೆವು. ಒಂದು ಸಲ ಹಳದಿ ನೀರು ವಾಂತಿ ಮಾಡಿದ. ಹುಲ್ಲು ತಿಂದಿರಬೇಕು ಅಂತ ಒರೆಸಿ ಸುಮ್ಮನಾದೆ. ಹೀಗೇ ಹತ್ತು ದಿನ ಹೋಯಿತು. ಸಿರಪ್ ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಅವನು ಕಕ್ಕಸಿಗೆ ಹೋಗೋದು ತೆಂಗಿನ ತೋಟಕ್ಕೆ. ಅದನ್ನ ಯಾರು ನೋಡ್ತಾರೆ? ಹನ್ನೊಂದನೇ ದಿನ ಕಾಯಿ ಆಯುತ್ತಿದ್ದಾಗ ನನ್ನ ಚಪ್ಪಲಿಗೇ ಮೆತ್ತಿಕೊಂಡಿತು. ರಾಗಿ ತಿನ್ನುವ ನಾಯಿಯ ಕಕ್ಕಸು ಕಡುಕಂದು ಇರುತ್ತೆ, ಅದು ನನಗೆ ಗೊತ್ತು. ಇದು ಹಾಗಿರಲಿಲ್ಲ. ಡಾಂಬರಿನ ಹಾಗೆ ಕಪ್ಪು, ಅಂಟು, ಹೊಳಪು. ವಾಸನೆಯೂ ಬೇರೆ. ಒಂದು ಚೂರನ್ನು ಒದ್ದೆ ಬಿಳಿ ಕಾಗದದ ಮೇಲೆ ಒತ್ತಿದೆ. ಅಂಚಿಗೆ ಕೆಂಪು ಹರಡಿತು. ಹೊಟ್ಟೆಯೊಳಗೆ ಸುರಿದ ರಕ್ತ ಜೀರ್ಣವಾಗಿ ಹೊರಗೆ ಬರುವಾಗ ಹೀಗೆ ಕಪ್ಪಾಗಿರುತ್ತೆ. ಕಬ್ಬಿಣದ ಮಾತ್ರೆ ಕೊಟ್ಟರೆ, ಲಿವರ್ ಜಾಸ್ತಿ ಹಾಕಿದರೆ ಕೂಡ ಕಪ್ಪಾಗಬಹುದು. ಕರಿಯನಿಗೆ ಎರಡನ್ನೂ ಕೊಟ್ಟಿರಲಿಲ್ಲ.

ಆಟೋದಲ್ಲಿ ಹಾಕಿಕೊಂಡು ಹೋದೆ. ಡಾಕ್ಟರು ತುಟಿ ಎತ್ತಿ ನೋಡಿದರು. ಹೆಸರಿಗೆ ತಕ್ಕಂತೆ ಅವನ ಒಸಡೂ ಕಪ್ಪು, ಅಲ್ಲಿ ಏನೂ ಗೊತ್ತಾಗಲ್ಲ. ಆಗ ಕೆಳಗಿನ ರೆಪ್ಪೆ ಎಳೆದು ತೋರಿಸಿದರು. ಒಳಗೆ ಗುಲಾಬಿ ಬಣ್ಣ ಇರಬೇಕಾದ ಕಡೆ ಸುಣ್ಣದ ಹಾಗೆ ಬಿಳಿ. ನಮ್ಮ ಕಡೆ ನಾಯಿ ಹೀಗೆ ಬಿಳುಚಿದರೆ ಮೊದಲು ಬರೋ ಅನುಮಾನ ಉಣ್ಣಿ ಹುಳು ಕಚ್ಚಿ ಬರುವ ಜ್ವರದ್ದು. ರಕ್ತ ತೆಗೆದು ನೋಡಿದರು, ಅದು ಸಿಗಲಿಲ್ಲ. ಹಿಮೋಗ್ಲೋಬಿನ್ 12ಕ್ಕಿಂತ ಮೇಲಿರಬೇಕಾದದ್ದು 7.8 ಇತ್ತು. ಕ್ರಿಯಾಟಿನಿನ್ 2.3, ಅಂದರೆ ಕಿಡ್ನಿಗೂ ಏಟು ಬಿದ್ದಿತ್ತು.

“ಸಿರಪ್ ಬಿಟ್ಟು ಬೇರೆ ಏನಾದ್ರೂ ಕೊಡ್ತಿದ್ದೀರಾ?”

“ಇಲ್ಲ ಸರ್” ಅಂದೆ. ಆದರೂ ಒಂದು ಮಾತು ಕೇಳೋಣ ಅಂತ ಮನೆಗೆ ಫೋನ್ ಮಾಡಿದೆ.

“ಮೈ ಕೆರೀತಿದ್ದ ಕಣೋ. ಹೋದ ಮಳೆಗಾಲದ್ದು ಮಾತ್ರೆ ಮಿಕ್ಕಿತ್ತಲ್ಲ, ಬೆಲ್ಲದಲ್ಲಿಟ್ಟು ಕೊಟ್ಟೆ” ಅಂದಳು ಅಮ್ಮ.

ಆ ತುರಿಕೆ ಮಾತ್ರೆ ಪ್ರೆಡ್ನಿಸೊಲೋನ್, ಸ್ಟೀರಾಯ್ಡ್. ಡಾಕ್ಟರು ತಲೆ ಹಿಡಿದುಕೊಂಡರು. ಮೆಲೋಕ್ಸಿಕಾಮ್, ಕಾರ್ಪ್ರೊಫೆನ್‌ನಂಥ ನೋವಿನ ಔಷಧಿಗಳು ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಅನ್ನೋ ವಸ್ತು ತಯಾರಾಗದ ಹಾಗೆ ತಡೆಯುತ್ತವೆ. ನೋವು, ಊತ ತರೋದು ಅದೇ. ಆದರೆ ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಪಾಡೋದೂ, ಕಿಡ್ನಿಗೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳೋದೂ ಅದೇ. ಅದರ ಮೇಲೆ ಸ್ಟೀರಾಯ್ಡ್ ಬಿದ್ದರೆ ಹೊಟ್ಟೆಯಲ್ಲಿ ಹುಣ್ಣಾಗೋ ಅಪಾಯ ತುಂಬಾ ಜಾಸ್ತಿ. ನಾಯಿ ಊಟ, ನೀರು ಬಿಟ್ಟಿದ್ದರೆ ಕಿಡ್ನಿ ಇನ್ನೂ ಬೇಗ ಸೋಲುತ್ತೆ. ಊಟ ಬಿಟ್ಟ ದಿನ ಸಿರಪ್ ನಿಲ್ಲಿಸಿ ಒಂದು ಫೋನ್ ಮಾಡಬೇಕಿತ್ತು. ನಾನು ಮಾಡಿದ್ದೇನು? ಬಾಯಿ ತೆರೆಸಿ ಸಿರಿಂಜ್‌ನಲ್ಲಿ ಹಾಕಿದ್ದೆ. ಖಾಲಿ ಹೊಟ್ಟೆಗೆ.

ನಾಲ್ಕು ದಿನ ಡ್ರಿಪ್, ಹೊಟ್ಟೆಯ ಆಮ್ಲ ಇಳಿಸೋಕೆ ಪ್ಯಾಂಟೊಪ್ರಜೋಲ್ ಇಂಜೆಕ್ಷನ್. ಮನೆಗೆ ಬಂದ ಮೇಲೆ ಹುಣ್ಣಿನ ಮೇಲೆ ಪದರದ ಹಾಗೆ ಕೂರುವ ಸುಕ್ರಾಲ್ಫೇಟ್, ಅದನ್ನ ಖಾಲಿ ಹೊಟ್ಟೆಗೇ ಕೊಡಬೇಕು. ಗಂಜಿ ಮೊದಲು ನೆಕ್ಕಿದ್ದು ಆರನೇ ದಿನ. ಕಿಡ್ನಿ ಲೆಕ್ಕ ಇಳಿಯೋಕೆ ತಿಂಗಳಾಯಿತು, ಪೂರ್ತಿ ಮೊದಲಿನ ಹಾಗೆ ಆಗಲೂ ಇಲ್ಲ. ಇನ್ನೊಂದು ತಪ್ಪೂ ಆಗಲೇ ಗೊತ್ತಾಗಿದ್ದು. ಇಂಥ ಔಷಧಿ ಶುರು ಮಾಡುವ ಮೊದಲು ಕಿಡ್ನಿ, ಲಿವರ್‌ಗೆ ರಕ್ತ ಪರೀಕ್ಷೆ ಮಾಡಿಸಬೇಕು, ಎರಡರಿಂದ ನಾಲ್ಕು ವಾರಕ್ಕೆ ಮತ್ತೊಂದು. ನಮಗೆ ಯಾರೂ ಹೇಳಲಿಲ್ಲ, ನಿಜ. ನಾವೂ ಕೇಳಲಿಲ್ಲ.

ಇಷ್ಟೆಲ್ಲ ಆಗುತ್ತಿದ್ದಾಗ ಪಕ್ಕದ ಮನೆಯವರು ತಮ್ಮ ಮಂಡಿನೋವಿನ ಡೈಕ್ಲೋಫೆನಾಕ್ ಅರ್ಧ ಕೊಡು ಅಂದರು. ಪ್ರೀತಿಯಿಂದಲೇ. ಈ ಔಷಧಿಯನ್ನು ಪಶುಗಳಿಗೆ ಬಳಸಬಾರದು ಅಂತ 2006ರಲ್ಲಿ ನಿಷೇಧವಾಗಿದ್ದು, ಇದನ್ನ ಹಾಕಿಸಿಕೊಂಡು ಸತ್ತ ದನ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸಾಯುತ್ತಿದ್ದವು ಅಂತ. ಹಾಗಾಗಿ ಅದು ಹದ್ದಿನ ವಿಷಯ ಅಂತಲೇ ಜನ ಮರೆತುಬಿಟ್ಟಿದ್ದಾರೆ. ನಾಯಿಯ ಹೊಟ್ಟೆಗೂ ಅದು ಕೆಟ್ಟದ್ದೇ. ಐಬುಪ್ರೊಫೆನ್ನೂ ಅಷ್ಟೇ. ಜ್ವರದ ಪ್ಯಾರಸಿಟಮಾಲ್ ಕೂಡ ಡಾಕ್ಟರು ಹೇಳದೆ ಕೊಡುವಂಥದ್ದಲ್ಲ.

ಈಗ ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯುತ್ತೇನೆ. ಎಷ್ಟು ಮುದ್ದೆ ತಿಂದ, ನೀರಿನ ಪಾತ್ರೆ ಎಷ್ಟು ಸಲ ತುಂಬಿಸಿದೆ, ಕಕ್ಕಸು ಯಾವ ಬಣ್ಣ. ವಾರಕ್ಕೆ ಎರಡು ಸಲ ರೆಪ್ಪೆ ಎಳೆದು ನೋಡುತ್ತೇನೆ, ಬಿಳಿ ಗುಡ್ಡೆ ಹಳದಿಯಾಗಿದೆಯಾ ಅಂತಲೂ ನೋಡುತ್ತೇನೆ. ಹಳದಿ ಅಂದರೆ ಲಿವರ್ ಕಡೆಯ ತೊಂದರೆ ಇರಬಹುದು. ಒಂದು ಹೊತ್ತು ಊಟ ಬಿಟ್ಟರೆ ಫೋನ್. ವಾಂತಿ ಎರಡನೇ ಸಲ ಆದರೆ, ಕಪ್ಪು ಕಕ್ಕಸು ಕಂಡರೆ, ರೆಪ್ಪೆ ಬಿಳುಚಿದರೆ ರಾತ್ರಿಯಾದರೂ ಆಟೋ.

ಮೆಲೋಕ್ಸಿಕಾಮ್ ಮತ್ತೆ ಕೊಡಲಿಲ್ಲ. ಬೇರೆ ನಾಯಿಗಳಿಗೆ ಅದು ವರ್ಷಗಟ್ಟಲೆ ಒಗ್ಗಿರೋದನ್ನೂ ನೋಡಿದ್ದೇನೆ, ಔಷಧಿಯನ್ನ ಬೈಯಲಾರೆ. ಕರಿಯನಿಗೆ ಈಗ ನೋವಿಗೆ ಗ್ಯಾಬಪೆಂಟಿನ್ ಅನ್ನೋ ಬೇರೆ ಥರದ ಕ್ಯಾಪ್ಸೂಲ್. ಮೊದಲ ವಾರ ಕುಡಿದವರ ಹಾಗೆ ತೂರಾಡಿದ. ಡಾಕ್ಟರು ಡೋಸ್ ಇಳಿಸಿದ ಮೇಲೆ ಸರಿಹೋಯಿತು. ಟೈಲ್ಸ್ ಮೇಲೆ ಜಾರದಂತೆ ಗೋಣಿಚೀಲ ಹಾಸಿದ್ದೇವೆ, ಎರಡು ಕಿಲೋ ಇಳಿಸಿದ್ದಾನೆ. ಮೆಟ್ಟಿಲ ಪಕ್ಕ ಒಂದು ಹಲಗೆ ಇಟ್ಟಿದ್ದೇವೆ.

ಅವನ ಮಾತ್ರೆಗಳೆಲ್ಲ ಈಗ ಬೇರೆ ಬಿಸ್ಕತ್ ಡಬ್ಬಿಯಲ್ಲಿವೆ, ಮಿಕ್ಕಿದ್ದು ಒಂದೂ ಇಲ್ಲ. ಬೆಳಿಗ್ಗೆ ನಾನು ಟಾರ್ಚ್ ಹಿಡಿದು ಅವನ ಹಿಂದೆ ತೋಟಕ್ಕೆ ಹೊರಟರೆ ಅಮ್ಮ ಒಳಗಿಂದ ಕೂಗುತ್ತಾಳೆ, “ಇವತ್ತು ಏನ್ ಬಣ್ಣನೋ?”