ಭಿನ್ನರಾಶಿ ಮತ್ತು ದಶಮಾಂಶಗಳ ಅಭ್ಯಾಸ: ಮೊದಲು ಅಂದಾಜು, ಆಮೇಲೆ ಲೆಕ್ಕ

ನಾಲ್ಕರಿಂದ ಆರನೆಯ ತರಗತಿಯವರೆಗಿನ ಮಕ್ಕಳು ಭಿನ್ನರಾಶಿಯಲ್ಲಿ ಮಾಡುವ ತಪ್ಪುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಹೆಚ್ಚಿನವುಗಳ ಬೇರು ಒಂದೇ. ಮೇಲೊಂದು ಕೆಳಗೊಂದು ಅಂಕಿಯಾಗಿ ಬರೆದದ್ದು ಒಂದೇ ಸಂಖ್ಯೆ, ಅದಕ್ಕೆ ತನ್ನದೇ ಬೆಲೆಯಿದೆ ಎಂಬ ಅರಿವು ಗಟ್ಟಿಯಾಗುವ ಮೊದಲೇ ನಾವು ಸೂತ್ರಗಳನ್ನು ಕಲಿಸಿರುತ್ತೇವೆ. ಆದ್ದರಿಂದಲೇ ಮಗು 4ಕ್ಕಿಂತ 8 ದೊಡ್ಡದೆಂದು 1/4ಕ್ಕಿಂತ 1/8 ಅನ್ನು ದೊಡ್ಡದೆನ್ನುತ್ತದೆ. 1/2ಕ್ಕೆ 1/3 ಕೂಡಿಸಿ 2/5 ಎಂದು ಬರೆಯುತ್ತದೆ. 2/5 ಅರ್ಧಕ್ಕಿಂತಲೂ ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಮೊತ್ತ ಅರ್ಧಕ್ಕಿಂತ ಕಡಿಮೆಯಾಗುವುದು ಹೇಗೆ ಎಂಬ ಅನುಮಾನ ಮಗುವಿಗೆ ತಾನಾಗಿಯೇ ಬರುವಂತೆ ಮಾಡುವುದು ಅಭ್ಯಾಸದ ಗುರಿಯಾಗಬೇಕು.

ಇದಕ್ಕೆ ಒಂದೇ ಉದ್ದದ ಕೆಲವು ಕಾಗದದ ಪಟ್ಟಿಗಳು ಸಾಕು. ಒಂದನ್ನು ಎರಡು, ಇನ್ನೊಂದನ್ನು ನಾಲ್ಕು, ಮತ್ತೊಂದನ್ನು ಎಂಟು ಸಮಭಾಗಗಳಾಗಿ ಮಡಿಸಿ ಒಂದರ ಕೆಳಗೊಂದು ಇಟ್ಟರೆ, 1/2, 2/4 ಮತ್ತು 4/8ರ ಗೆರೆಗಳು ಒಂದೇ ನೇರದಲ್ಲಿ ಬರುವುದನ್ನು ಮಗು ಕಣ್ಣಾರೆ ಕಾಣುತ್ತದೆ. ಆಮೇಲೆ ಪ್ರತಿಯೊಂದು ಭಿನ್ನರಾಶಿಗೂ ಒಂದೇ ಪ್ರಶ್ನೆ ಕೇಳಿ: ಇದು ಸೊನ್ನೆಗೆ ಹತ್ತಿರವೋ, ಅರ್ಧಕ್ಕೆ ಹತ್ತಿರವೋ, ಒಂದಕ್ಕೆ ಹತ್ತಿರವೋ? 9/10 ಮತ್ತು 7/8 ಎರಡೂ ಒಂದರ ಸಮೀಪದಲ್ಲಿವೆ ಎಂದು ಬಲ್ಲ ಮಗು, ಅವುಗಳ ಮೊತ್ತ ಎರಡರ ಸಮೀಪವಿರಬೇಕೆಂದು ಮೊದಲೇ ಹೇಳುತ್ತದೆ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 16/18 ಬಂದರೆ ಅದನ್ನು ತಾನೇ ಅಳಿಸುತ್ತದೆ.

ಛೇದಗಳನ್ನು ಸಮ ಮಾಡುವುದೇಕೆ ಎಂಬುದನ್ನು ತಿಳಿಸಲು ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯ ಮಕ್ಕಳಿಗೆ ಅಡಿಕೆ ತೋಟದ ಅಳತೆಗಿಂತ ಉತ್ತಮವಾದ ಸಾಧನವಿಲ್ಲವೆಂದು ನನ್ನ ನಂಬಿಕೆ. ಒಂದು ಎಕರೆಗೆ 40 ಗುಂಟೆ. ಕಾಲು ಎಕರೆ ಎಂದರೆ 10 ಗುಂಟೆ, ಎಕರೆಯ 3/8 ಎಂದರೆ 15 ಗುಂಟೆ. ಇವೆರಡನ್ನೂ ಕೂಡಿಸಿ ಎಂದಾಗ ಮಗು ಗುಂಟೆಗೆ ಇಳಿದು 25 ಎನ್ನುತ್ತದೆ, ಅಂದರೆ 25/40, ಅದೇ 5/8. ಸಮಛೇದ ಮಾಡುವುದೆಂದರೆ ಎರಡನ್ನೂ ಒಂದೇ ಅಳತೆಗೆ ಇಳಿಸುವುದು ಎಂಬುದು ಇಲ್ಲಿ ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) ಎಂಬ ಹೆಸರು ಹೇಳುವ ಮೊದಲೇ ಅರ್ಥವಾಗಿರುತ್ತದೆ. ಮರುದಿನ ಎಕರೆಯ 1/3 ಎಷ್ಟು ಗುಂಟೆ ಎಂದು ಕೇಳಿ. 13 ಗುಂಟೆಯ ಮೇಲೆ ಇನ್ನೂ 1/3 ಉಳಿಯುತ್ತದೆ. ಮೂರಕ್ಕೆ 40 ಒಪ್ಪುವುದಿಲ್ಲ, ಬೇರೆ ಛೇದ ಹುಡುಕಬೇಕು ಎಂಬುದನ್ನು ಮಗು ಕಂಡುಕೊಳ್ಳಲಿ.

ದಶಮಾಂಶಕ್ಕೆ ಬಂದಾಗ ಇದೇ ಅಳತೆಯಲ್ಲಿ ಎಚ್ಚರವೂ ಬೇಕು. ಎರಡು ಎಕರೆ ಇಪ್ಪತ್ತು ಗುಂಟೆಯನ್ನು ನಮ್ಮ ಜನ ರೂಢಿಯಲ್ಲಿ 2.20 ಎಂದು ಬರೆಯುವುದುಂಟು. ಆ ಚುಕ್ಕೆ ದಶಮಾಂಶ ಬಿಂದುವಲ್ಲ. ದಶಮಾಂಶದಲ್ಲಿ ಆ ಜಮೀನು 2.5 ಎಕರೆ. ಒಂದು ಎಕರೆ ಐದು ಗುಂಟೆ 1.05 ಅಲ್ಲ, 1.125. ಇಂಥ ನಾಲ್ಕಾರು ಅಳತೆಗಳನ್ನು ದಶಮಾಂಶಕ್ಕೆ ಬದಲಾಯಿಸಿದ ಮಗು, ಬಿಂದುವಿನ ಬಲಕ್ಕೆ ಇರುವುದು ಹತ್ತನೇ ಒಂದು, ನೂರನೇ ಒಂದು, ಸಾವಿರನೇ ಒಂದು ಭಾಗಗಳೇ ಹೊರತು ಬೇರೊಂದು ಪೂರ್ಣಸಂಖ್ಯೆಯಲ್ಲ ಎಂಬುದನ್ನು ಮರೆಯುವುದಿಲ್ಲ.

ಆ ಪೂರ್ಣಸಂಖ್ಯೆಯ ಭ್ರಮೆಯಿಂದಲೇ 35 ದೊಡ್ಡದು, 8 ಚಿಕ್ಕದು ಎಂದು 0.8ಕ್ಕಿಂತ 0.35 ದೊಡ್ಡದೆನ್ನುವ ತಪ್ಪು ಹುಟ್ಟುತ್ತದೆ. ನೂರು ಚೌಕಗಳ ಗ್ರಾಫ್ ಹಾಳೆಯಲ್ಲಿ ಎರಡಕ್ಕೂ ಬಣ್ಣ ತುಂಬಿಸಿದರೆ 80 ಚೌಕ, 35 ಚೌಕ ಎಂದು ವ್ಯತ್ಯಾಸ ಎದ್ದು ಕಾಣುತ್ತದೆ. ಓದುವಾಗಲೂ ‘ಸೊನ್ನೆ ಬಿಂದು ಮೂವತ್ತೈದು’ ಎನ್ನಲು ಬಿಡದೆ ‘ಸೊನ್ನೆ ಬಿಂದು ಮೂರು ಐದು’ ಎಂದು ಹೇಳಿಸಬೇಕು. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಕಾಣುವ 0.750 ಮತ್ತು 0.075 ಕೆಜಿಗಳ ನಡುವೆ ಹತ್ತು ಪಟ್ಟು ಅಂತರವಿದೆ, 0.750 ಮತ್ತು 0.75ರ ನಡುವೆ ಏನೂ ಇಲ್ಲ ಎಂಬುದನ್ನು ಗ್ರಾಂಗಳಲ್ಲಿ ಬರೆಸಿ ತೋರಿಸಿ.

ಮಳೆಗಾಲದಲ್ಲಿ ಪತ್ರಿಕೆಯೇ ಅಭ್ಯಾಸ ಪುಸ್ತಕವಾಗಬಲ್ಲದು. ಹವಾಮಾನ ಇಲಾಖೆ 24 ಗಂಟೆಗಳಲ್ಲಿ 64.5 ಮಿಲಿಮೀಟರ್‌ನಿಂದ 115.5ರವರೆಗೆ ಬಿದ್ದರೆ ಭಾರಿ ಮಳೆಯೆಂದೂ 115.6ರಿಂದ 204.4ರವರೆಗೆ ಅತಿ ಭಾರಿ ಮಳೆಯೆಂದೂ ಗುರುತಿಸುತ್ತದೆ. ಆಗುಂಬೆಯ ದಿನದ ಮಳೆ ಯಾವ ವರ್ಗಕ್ಕೆ ಸೇರುತ್ತದೆ ಎಂದು ಮಕ್ಕಳೇ ನಿರ್ಧರಿಸಲಿ. ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1819 ಅಡಿ. ಇಂದಿನ ಮಟ್ಟ 1806.75 ಅಡಿ ಎಂದುಕೊಂಡರೆ ತುಂಬಲು ಇನ್ನೆಷ್ಟು ಬೇಕು? ಹನ್ನೆರಡು ಅಡಿಯ ಮೇಲೆ ಸ್ವಲ್ಪ ಎಂದು ಮೊದಲು ಅಂದಾಜು ಹೇಳಿಸಿ, ಆಮೇಲೆ 1819.00 ಎಂದು ಬರೆದು ಬಿಂದುವಿನ ಕೆಳಗೆ ಬಿಂದು ಬರುವಂತೆ ಇಟ್ಟು ಕಳೆಯಿಸಿದರೆ 12.25 ಬರುತ್ತದೆ. ಬಲಬದಿಯ ಅಂಕಿಗಳನ್ನು ಸಾಲು ಹಿಡಿಸುವ ಪೂರ್ಣಸಂಖ್ಯೆಯ ಅಭ್ಯಾಸ ಇಲ್ಲಿ ಕೈಕೊಡುತ್ತದೆ.

ಗುಣಾಕಾರ, ಭಾಗಾಕಾರಗಳನ್ನು ಅವಸರಿಸಬೇಕಾಗಿಲ್ಲ. ಅರ್ಧದ ಅರ್ಧ ಕಾಲು ಎಂಬುದರಿಂದ 0.5 × 0.5 = 0.25 ಎಂಬುದಕ್ಕೂ, ಮೂರರಲ್ಲಿ ಎಷ್ಟು ಕಾಲುಗಳಿವೆ ಎಂಬುದರಿಂದ 3 ÷ 1/4 = 12 ಎಂಬುದಕ್ಕೂ ದಾರಿಯಿದೆ.

ದಿನಕ್ಕೆ ಹದಿನೈದು ನಿಮಿಷ, ಹಳೆಯದೂ ಹೊಸದೂ ಬೆರೆತ ಐದಾರು ಲೆಕ್ಕ ಸಾಕು. ಪ್ರತಿ ಲೆಕ್ಕದ ಪಕ್ಕದಲ್ಲಿ ಅಂದಾಜಿಗೊಂದು ಜಾಗವಿರಲಿ. ಉತ್ತರ ತಪ್ಪಿದ್ದರೆ ಕೆಂಪು ಗೀಟು ಹಾಕುವ ಮೊದಲು, ನೀನು ಬರೆದ ಅಂದಾಜಿಗೆ ಇದು ಹೊಂದುತ್ತದೆಯೇ ಎಂದು ಕೇಳಿ, ಮಗು ಮತ್ತೊಮ್ಮೆ ನೋಡುವಷ್ಟು ಸಮಯ ಕೊಡಿ.