ನೆಡುವುದನ್ನು ಬಿಟ್ಟ ಮೇಲೆ ಬಂದ ಕಾಂಡ್ಲ ಕಾಡು

ಕಾಸರಗೋಡಿನ ಶಿರಿಯಾ ಅಳಿವೆಯ ಒಳಬದಿಯ ಆರು ಎಕರೆಯಲ್ಲಿ ಈಗ ಎದೆಮಟ್ಟ ಉಪ್ಪಟ್ಟಿ ಎಂಬ ಜಾತಿಯ ಕಾಂಡ್ಲ ನಿಂತಿದೆ. ಅದರಲ್ಲಿ ನಾವು ನೆಟ್ಟದ್ದು ಒಂದೂ ಇಲ್ಲ. ನೆಟ್ಟದ್ದೆಲ್ಲ ಸತ್ತಿತ್ತು.

ಜಾಗ ಪಾಳು ಬಿದ್ದ ಸಿಗಡಿ ಕೆರೆ. ಸುತ್ತ ಮಣ್ಣಿನ ದಂಡೆ, ಮೂಲೆಯಲ್ಲಿ ಹೂಳು ತುಂಬಿದ ತೂಬು. ಸಂಸ್ಥೆಯವರು ಇಲ್ಲಿ ಕಾಂಡ್ಲ ಬೆಳೆಸುವ ಕೆಲಸ ನನ್ನ ತಲೆಗೆ ಕಟ್ಟಿದಾಗ ನಾನೂ ಎಲ್ಲರಂತೆ ಇನ್ನೊಂದು ಜಾತಿಯ ಕಾಂಡ್ಲವಾದ ಭ್ರಾಂತನ್ ಕಂಡಲ್‌ನ ಕೋಡು (ಮರದಲ್ಲೇ ಮೊಳೆತ ಉದ್ದನೆಯ ಸಸಿ) ಒಟ್ಟು ಮಾಡಿ, ಶಾಲೆ ಮಕ್ಕಳನ್ನು ಕರೆದು, ಬ್ಯಾನರ್ ಕಟ್ಟಿ ನೆಡಿಸಿದೆ. ಮೊದಲ ವರ್ಷ ಸುಮಾರು ಒಂಬತ್ತು ಸಾವಿರ ಸಸಿ, ಎರಡು ಲಕ್ಷದ ಹತ್ತಿರ ಖರ್ಚು. ಮುಂದಿನ ಮೇಯಲ್ಲಿ ಎಣಿಸಿದರೆ ಮುನ್ನೂರು ಚಿಲ್ಲರೆ. ಎರಡನೇ ವರ್ಷ ಬಿದಿರಿನ ಬೇಲಿ ಹಾಕಿ ಮತ್ತೆ ನಾಲ್ಕು ಸಾವಿರ. ಬೇಲಿ ಚೆನ್ನಾಗಿ ಉಳಿಯಿತು. ಒಳಗೆ ಸಸಿ ಉಳಿಯಲಿಲ್ಲ.

ಏಡಿ ಕತ್ತರಿಸಿತು ಅಂದೆವು, ಎಮ್ಮೆ ತಿಂದಿತು ಅಂದೆವು. ನಡುವೆ ನನ್ನದೊಂದು ಬುದ್ಧಿವಂತಿಕೆ: ಪ್ಲಾಸ್ಟಿಕ್ ತೊಟ್ಟೆ ಬೇಡ ಅಂತ ಅಡಿಕೆ ಹಾಳೆಯಲ್ಲಿ ಚಟ್ಟಿ ಮಾಡಿ ಸಸಿ ಬೆಳೆಸಿದೆ. ಉಪ್ಪುನೀರಿಗೆ ಒಂದೂವರೆ ತಿಂಗಳಲ್ಲಿ ಹಾಳೆ ಕೊಳೆತು, ಎತ್ತಿದರೆ ಬುಡವೇ ಕೈಗೆ ಬಂತು. ಫೋಟೋ ಮಾತ್ರ ಚಂದ ಇತ್ತು.

ಅಲ್ಲಿ ಮರುವಾಯಿ (ಚಿಪ್ಪುಜೀವಿ) ಹೆಕ್ಕುವ ಅಜ್ಜಿಯೊಬ್ಬರು ದಿನಾ ನಮ್ಮನ್ನು ನೋಡುತ್ತಿದ್ದರು. ಒಮ್ಮೆ "ನೀರ್ ಪೋಪುಜಿ ಮಗಾ" ಅಂದರು. ನೀರೇ ಹೋಗುವುದಿಲ್ಲ, ನೀನು ಎಂತ ನೆಡುವುದು ಅಂತ ಅರ್ಥ. ಸರಿಯಾಗಿ ನೋಡಿದ್ದು ಆಮೇಲೆ. ಏಪ್ರಿಲಲ್ಲಿ ಕೆರೆಯ ತಳ ಉಪ್ಪು ಕಟ್ಟಿ ಬೆಳ್ಳಗೆ. ಜುಲೈಯಲ್ಲಿ ವಾರಗಟ್ಟಲೆ ಮೊಣಕಾಲುದ್ದ ಮಳೆನೀರು. ಉಬ್ಬರ ಇಳಿತ ದಂಡೆಯ ಹೊರಗೇ ನಡೆಯುತ್ತಿತ್ತು.

ನಮ್ಮಲ್ಲಿ ಯಾರನ್ನು ಕೇಳಿದರೂ ಪೊಕ್ಕುಡನ್ ಹೆಸರು ಹೇಳುತ್ತಾರೆ. ಕಣ್ಣೂರಿನ ಕಲ್ಲೇನ್ ಪೊಕ್ಕುಡನ್ 1989ರಲ್ಲಿ ಕಾಂಡ್ಲ ನೆಡಲು ಶುರು ಮಾಡಿದವರು, ನನಗೂ ಅವರೇ ಗುರು. ಆದರೆ ಅವರು ನೆಟ್ಟದ್ದು ನೀರು ಓಡಾಡುವ ಹೊಳೆ ಬದಿಯಲ್ಲಿ. ನಾವು ನೆಟ್ಟದ್ದು ಮುಚ್ಚಿದ ಬೋಗುಣಿಯಲ್ಲಿ.

ಹಾಗಾಗಿ ದಂಡೆ ಕಡಿಯೋಣ, ಬೀಜ ತಾನೇ ಬರಲಿ ಅಂದೆ. ಇದು ನಾನು ಕಂಡುಹಿಡಿದದ್ದಲ್ಲ, ಫ್ಲೋರಿಡಾದಲ್ಲಿ ರಾಬಿನ್ ಲೂಯಿಸ್ ಎಂಬವರು ಎಷ್ಟೋ ಹಿಂದೆಯೇ ಮಾಡಿ ತೋರಿಸಿದ್ದಾರೆ. ಸಮಿತಿಯಲ್ಲಿ ನಕ್ಕರು. "ಮಣ್ಣು ಅಗೆದರೆ ಕಾಡು ಬರುತ್ತಾ ಮಾರಾಯಾ?" ದುಡ್ಡು ಕೊಡುವವರ ಫಾರಂನಲ್ಲಿ 'ನೆಟ್ಟ ಸಸಿಗಳ ಸಂಖ್ಯೆ' ಎಂಬ ಕಾಲಂ ಇತ್ತು. ನಾನು ಸೊನ್ನೆ ಬರೆದೆ. ಎರಡನೇ ಕಂತು ನಿಂತಿತು. ಸಿಆರ್‌ಝಡ್ ಒಂದು-ಎ, ಅಂದರೆ ಕರಾವಳಿ ನಿಯಮ ಅತಿ ಬಿಗಿಯಾಗಿರುವ ಜಾಗವಾದ್ದರಿಂದ ಅನುಮತಿಗೆ ಏಳೆಂಟು ತಿಂಗಳು ಅಲೆದಾಟ ಬೇರೆ. ಕೊನೆಗೆ ಮನೆಯ ಅಡಿಕೆ ಮಾರಿದ ಅರವತ್ತು ಸಾವಿರ ಹಾಕಿದೆ. ಅದನ್ನು ಮನೆಯಲ್ಲಿ ಹೇಗೆ ಹೇಳಿದೆ ಅನ್ನುವುದು ಬೇರೆಯೇ ಕಥೆ.

ಕಡಿಯುವ ಮೊದಲು ಮಟ್ಟ ಬೇಕಲ್ವಾ. ದೊಡ್ಡ ಯಂತ್ರ ಏನಿಲ್ಲ, ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುವ ಮೇಸ್ತ್ರಿಗಳ ನೀರಿನ ಪೈಪು. ಪಕ್ಕದಲ್ಲೇ ಚೆನ್ನಾಗಿ ಬೆಳೆದ ಉಪ್ಪಟ್ಟಿ ಗುಂಪಿತ್ತು. ಅದರ ಬುಡದ ಮಟ್ಟವನ್ನು ಗೂಟದಿಂದ ಗೂಟಕ್ಕೆ ದಾಟಿಸುತ್ತಾ ಕೆರೆಯೊಳಗೆ ತಂದೆವು. ಪೈಪಿನಲ್ಲಿ ಒಂದು ಗುಳ್ಳೆ ಸಿಕ್ಕಿಕೊಂಡು ಇಡೀ ದಿನದ ಲೆಕ್ಕ ಒಂದು ಗೇಣು ತಪ್ಪಿತ್ತು. ಮರುದಿನ ಮೊದಲಿನಿಂದ ಶುರು. ಭ್ರಾಂತನ್ ಏಕೆ ಸತ್ತಿತು ಅಂತ ಆಗ ತಿಳಿಯಿತು: ನಾವು ನೆಟ್ಟದ್ದು ಆ ಮಟ್ಟಕ್ಕಿಂತ ಮುಕ್ಕಾಲು ಅಡಿ ಕೆಳಗೆ.

ಜೆಸಿಬಿ ತಂದದ್ದು ದಡ್ಡತನ. ಮೊದಲ ಗಂಟೆಯಲ್ಲೇ ಕೆಸರಿನಲ್ಲಿ ಕೂತಿತು. ಎಳೆದು ತೆಗೆಯಲು ಹದಿನಾಲ್ಕು ಸಾವಿರ. ಆಮೇಲೆ ಎಂಟು ಜನ, ಹಾರೆ ಬುಟ್ಟಿ, ಹನ್ನೊಂದು ದಿನ. ಹಳೆಯ ತೋಡು ಹರಿಯುತ್ತಿದ್ದ ಗುರುತು ಹಿಡಿದು ದಂಡೆಯನ್ನು ಮೂರು ಕಡೆ ಕಡಿದೆವು. ಬಾಯಿಯನ್ನು ಎಷ್ಟು ಓರೆಯಾಗಿ ತೆರೆಯಬೇಕು, ಕೊನೆಯ ಮಣ್ಣು ಯಾವ ದಿನ ತೆಗೆಯಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬನ್ನಿ, ತೋರಿಸುತ್ತೇನೆ.

ಮಳೆಗಾಲದಲ್ಲಿ ಉಪ್ಪಟ್ಟಿಯ ಬೀಜ ತೇಲಿ ಬಂತು, ಬಂದ ಹಾಗೇ ಇಳಿತಕ್ಕೆ ವಾಪಸ್ ಹೋಯಿತು. ತಡೆಯಲು ಹಳೆ ಬಲೆ ಕಟ್ಟಿದೆವು. ಅದರಲ್ಲಿ ನೀರುಹಾವು ಸಿಕ್ಕಿ ಸತ್ತಿತು, ಅದೇ ದಿನ ಬಲೆ ಬಿಚ್ಚಿಸಿದೆ. ಬದಲಿಗೆ ತೆಂಗಿನ ಮಡಲನ್ನು ಅಡ್ಡಡ್ಡ ಮಲಗಿಸಿ ಗೂಟಕ್ಕೆ ಕಟ್ಟಿದೆವು. ನೀರು ನಿಧಾನವಾಯಿತು. ಮಡಲಿನ ಸಂದಿಯಲ್ಲಿ ಬೀಜದ ಸಿಪ್ಪೆ ಕಳಚಿ, ಎರಡು ದಪ್ಪ ಹಸಿರು ದಳ ಬಾಯಿ ತೆರೆದು, ಬೇರು ಕೆಸರಿಗೆ ಕಚ್ಚಿತ್ತು. ಅದನ್ನು ನೋಡಿದ ದಿನ ನಾನು ಸುಮ್ನೆ ಒಂದು ಗಂಟೆ ಕೆಸರಲ್ಲೇ ನಿಂತಿದ್ದೆ.

ಅಕ್ಟೋಬರಲ್ಲಿ ಒಳ್ಳೆಯ ಭಾಗದಲ್ಲಿ ಒಂದು ಚದರ ಮೀಟರಿಗೆ ಹತ್ತು ಹದಿನೈದು ಮೊಳಕೆ. ಎರಡನೇ ಮಳೆಗಾಲ ಮುಗಿಯುವಾಗ ಸೊಂಟದ ಹತ್ತಿರ. ಈಗ ಮೂರನೇ ವರ್ಷ. ಎಟ್ಟಿ (ಸಿಗಡಿ) ಹಿಡಿಯುವವರು ಬೆಳಿಗ್ಗೆ ಬರುತ್ತಾರೆ. ಒಟ್ಟು ಖರ್ಚು ಒಂದು ಲಕ್ಷ ಹತ್ತು ಸಾವಿರದ ಆಸುಪಾಸು, ಜೆಸಿಬಿ ಸೇರಿ. ನಕ್ಕವರಲ್ಲಿ ಇಬ್ಬರು ಈಗ ತಮ್ಮ ಜಾಗದ ಮಟ್ಟ ತೆಗೆಯಲು ನನ್ನ ಪೈಪನ್ನೇ ಒಯ್ದಿದ್ದಾರೆ, ಇನ್ನೂ ಕೊಟ್ಟಿಲ್ಲ.

ಪೂರ್ವದ ಮೂಲೆಯ ಅರ್ಧ ಎಕರೆ ಮಾತ್ರ ಇನ್ನೂ ಬೋಳು. ಅಲ್ಲಿ ಮಣ್ಣು ಎತ್ತರ ಇದೆ, ಹುಣ್ಣಿಮೆ ಅಮಾವಾಸ್ಯೆಯ ಉಬ್ಬರ ಬಿಟ್ಟರೆ ನೀರು ಹತ್ತುವುದಿಲ್ಲ. ಏಪ್ರಿಲಲ್ಲಿ ಅಲ್ಲಿಗೊಂದು ಸಣ್ಣ ತೋಡು ತೆಗೆಯಬೇಕು. ಅಡಿಕೆಗೆ ರೇಟು ಬಂದರೆ.