ಕಣದ ರಾಶಿಯನ್ನು ಅಳೆಯುವುದು: ಶಂಕುವಿನ ಘನಫಲ, ಕೋನಗಳ ಲೆಕ್ಕ

ತೂರಿ ಗುಡ್ಡೆ ಹಾಕಿದ ರಾಗಿ ತಾನಾಗಿಯೇ ಶಂಕುವಿನ ಆಕಾರಕ್ಕೆ ಬರುತ್ತದೆ. ಶಂಕುವಿನ ಘನಫಲಕ್ಕೆ ಸೂತ್ರ ಎಲ್ಲರಿಗೂ ಬಾಯಿಪಾಠ: ಪೈ × ತ್ರಿಜ್ಯದ ವರ್ಗ × ಎತ್ತರ, ಅದರಲ್ಲಿ ಮೂರನೇ ಒಂದು ಪಾಲು. ಆದರೆ ರಾಶಿಯ ಮುಂದೆ ನಿಂತಾಗ ತ್ರಿಜ್ಯವೂ ಎತ್ತರವೂ ಕಾಳಿನೊಳಗೆ ಹೂತಿರುತ್ತವೆ. ಹೊರಗಿನ ಅಳತೆಗಳಿಂದಲೇ ಅವನ್ನು ಹೊರತೆಗೆಯಬೇಕು. ಅದಕ್ಕೆ ಟೇಪು, ಕೋನಮಾಪಕ, ಎರಡು ನೇರ ಕೋಲು, 10 ಲೀಟರಿನ ಬಕೆಟ್ಟು ಸಾಕು.

ಮೊದಲು ಬುಡದ ಸುತ್ತಳತೆ. 9.42 ಮೀಟರ್ ಬಂತು ಅನ್ನಿ. ಇದನ್ನು 6.28ರಿಂದ ಭಾಗಿಸಿದರೆ ತ್ರಿಜ್ಯ 1.5 ಮೀಟರ್. 3.14ರಿಂದ ಭಾಗಿಸಿ ನಿಲ್ಲಿಸಿದರೆ ಸಿಗುವುದು ವ್ಯಾಸ. ಅದನ್ನೇ ತ್ರಿಜ್ಯವೆಂದು ಹಾಕಿದರೆ ಉತ್ತರ ನಾಲ್ಕು ಪಟ್ಟಾಗುತ್ತದೆ.

ಆಮೇಲೆ ಟೇಪನ್ನು ಒಂದು ಬುಡದಿಂದ ನೆತ್ತಿಯ ಮೇಲೆ ಹಾಯಿಸಿ ಎದುರು ಬುಡಕ್ಕೆ ಇಳಿಸಿ. 3.4 ಮೀಟರ್ ಬಂದರೆ ಅರ್ಧ, ಅಂದರೆ 1.7 ಮೀಟರ್, ಓರೆ ಎತ್ತರ. ಅಡ್ಡಲಾಗಿ ಇನ್ನೊಮ್ಮೆ ಅಳೆದು ಸರಾಸರಿ ತೆಗೆಯಿರಿ, ಏಕೆಂದರೆ ರಾಶಿಯ ಬುಡ ಪೂರ್ತಿ ದುಂಡಗಿರುವುದು ಅಪರೂಪ.

ಹೆಚ್ಚಿನವರು ಎಡವುವುದು ಇಲ್ಲೇ. ಸೂತ್ರದಲ್ಲಿರುವುದು ನೆಲಕ್ಕೆ ಲಂಬವಾದ ಎತ್ತರ, ಓರೆ ಎತ್ತರವಲ್ಲ. ತ್ರಿಜ್ಯ, ಲಂಬ, ಓರೆ ಮೂರೂ ಸೇರಿ ಲಂಬಕೋನ ತ್ರಿಭುಜ. ಓರೆಯೇ ಅದರ ವಿಕರ್ಣ. 1.7ರ ವರ್ಗ 2.89, ಅದರಲ್ಲಿ 1.5ರ ವರ್ಗ 2.25 ಕಳೆದರೆ 0.64, ಅದರ ವರ್ಗಮೂಲ 0.8 ಮೀಟರ್. ಘನಫಲ 3.14 × 2.25 × 0.8 ÷ 3 = 1.884 ಘನ ಮೀಟರ್, ಅಂದರೆ 1,884 ಲೀಟರ್. ಓರೆ ಎತ್ತರವನ್ನೇ ಹಾಕಿದ್ದರೆ 4,000 ಲೀಟರ್ ದಾಟುತ್ತಿತ್ತು.

ಎತ್ತರ ಸರಿಯೇ ಎಂದು ಕೋನಗಳಿಂದ ತಾಳೆ ನೋಡಬಹುದು. ಬುಡದ ಒಳಕೋನಕ್ಕೆ ಕೋನಮಾಪಕ ಇಡಲಾಗದು, ಅಲ್ಲಿ ಕಾಳು ತುಂಬಿದೆ. ಒಂದು ಕೋಲನ್ನು ಇಳಿಜಾರಿನ ಮೇಲೆ ಮಲಗಿಸಿ, ಹೊರಗಿನ ನೆಲಕ್ಕೂ ಅದಕ್ಕೂ ನಡುವಿನ ಕೋನ ಅಳೆಯಿರಿ: ಸುಮಾರು 152 ಡಿಗ್ರಿ. ಹೊರಕೋನ, ಒಳಕೋನ ಎರಡೂ ಸರಳಯುಗ್ಮ, ಅಂದರೆ ಸೇರಿ 180 ಡಿಗ್ರಿ ಆದ್ದರಿಂದ ಒಳಕೋನ 28 ಡಿಗ್ರಿ. ಈಗ ನೆತ್ತಿಯಲ್ಲಿ ಇನ್ನೊಂದು ಕೋಲನ್ನು ನೆಲಕ್ಕೆ ಸಮಾಂತರವಾಗಿ, ಅದೇ ಇಳಿಜಾರಿನ ಕಡೆಗೆ ಚಾಚಿ ಹಿಡಿಯಿರಿ. ಅದಕ್ಕೂ ಇಳಿಜಾರಿಗೂ ನಡುವೆ ಅಷ್ಟೇ 28 ಡಿಗ್ರಿ ಬರಬೇಕು, ಏಕೆಂದರೆ ಇಳಿಜಾರು ನೆಲ, ಕೋಲು ಎಂಬ ಎರಡು ಸಮಾಂತರ ರೇಖೆಗಳನ್ನು ಕತ್ತರಿಸುವ ಛೇದಕ, ಇವು ಅದರ ಎರಡು ಬದಿಗಳಲ್ಲಿ ಬರುವ ಪರ್ಯಾಯ ಕೋನಗಳು, ಸಮವಾಗಿರುತ್ತವೆ. ಬಾರದಿದ್ದರೆ ಕೋಲು ವಾಲಿದೆ, ಇಲ್ಲವೇ ಕಣವೇ ಮಟ್ಟವಾಗಿಲ್ಲ. ಕೊನೆಗೆ ಕಾಗದದ ಮೇಲೆ 15 ಸೆಂ.ಮೀ. ಪಾದ, 28 ಡಿಗ್ರಿ ಮತ್ತು 90 ಡಿಗ್ರಿಯ ತ್ರಿಭುಜ ಎಳೆದು ನೋಡಿ: ಲಂಬ 8 ಸೆಂ.ಮೀ. ಬರುತ್ತದೆ.

ಈ ಲೆಕ್ಕ ನಮ್ಮಲ್ಲಿ ಹಳೆಯದು. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು ರಾಶಿ ವ್ಯವಹಾರಕ್ಕೇ ಒಂದು ಭಾಗ ಇಟ್ಟಿದ್ದಾರೆ: ಸುತ್ತಳತೆಯ ಆರನೇ ಒಂದರ ವರ್ಗವನ್ನು ಎತ್ತರದಿಂದ ಗುಣಿಸಿ. ಸಣ್ಣ ಕಾಳಿಗೆ ಎತ್ತರ ಸುತ್ತಳತೆಯ ಹನ್ನೊಂದನೇ ಒಂದು, ದಪ್ಪ ಕಾಳಿಗೆ ಹತ್ತನೇ ಒಂದು. ಇದು ಪೈಯನ್ನು 3 ಎಂದು ಹಿಡಿದ ಶಂಕುವಿನ ಸೂತ್ರವೇ. ಎತ್ತರಕ್ಕೆ ನಾವು ಕಂಡುಕೊಂಡ 0.8 ಮೀಟರನ್ನೇ ಹಾಕಿದರೆ ನಮ್ಮ ರಾಶಿಗೆ 1,972 ಲೀಟರ್ ಕೊಡುತ್ತದೆ, ಅಂದರೆ ನೂರಕ್ಕೆ ಐದರ ಹತ್ತಿರ ಹೆಚ್ಚು. ಕಣದಲ್ಲಿ ನಿಂತು ಮನಸ್ಸಿನಲ್ಲೇ ಮಾಡುವ ಲೆಕ್ಕಕ್ಕೆ ಇದಕ್ಕಿಂತ ಚೊಕ್ಕದ್ದು ಬೇಕಿಲ್ಲ.

ತೂಕ ಬೇಕಾದರೆ ಅದೇ ರಾಶಿಯಿಂದ 10 ಲೀಟರ್ ಬಕೆಟ್ಟು ತುಂಬಿ, ಅಂಚಿನ ಮಟ್ಟಕ್ಕೆ ಸವರಿ ತೂಗಿ. ಬಕೆಟ್ಟಿನ ತೂಕ ಕಳೆದು 188.4ರಿಂದ ಗುಣಿಸಿ. ತುಂಬುವಾಗ ಕುಲುಕಬೇಡಿ: ಕಾಳು ಒತ್ತಾಗಿ ಕೂತು ತೂಕ ಹೆಚ್ಚು ತೋರಿಸುತ್ತದೆ.

ರಾಶಿ ಗೋಡೆಗೆ ಒರಗಿದ್ದರೆ ಅದು ಅರ್ಧ ಶಂಕು. ಒಳಮೂಲೆಯಲ್ಲಿದ್ದರೆ 90 ಡಿಗ್ರಿ, ಅಂದರೆ ಕಾಲು ಶಂಕು. ಹೊರಮೂಲೆಯನ್ನು ಸುತ್ತಿದ್ದರೆ 270 ಡಿಗ್ರಿ, ಮುಕ್ಕಾಲು. ಅಳೆದ ಕಂಸವನ್ನು, ಅಂದರೆ ಬುಡದ ಬಾಗಿದ ಅಂಚಿನ ಉದ್ದವನ್ನು, ಕ್ರಮವಾಗಿ 2, 4, 4/3ರಿಂದ ಗುಣಿಸಿ ಪೂರ್ತಿ ಸುತ್ತಳತೆ ಮಾಡಿಕೊಳ್ಳಿ, ಪೂರ್ತಿ ಘನಫಲ ಕಂಡುಹಿಡಿಯಿರಿ, ಆಮೇಲಷ್ಟೇ ಅರ್ಧ, ಕಾಲು, ಮುಕ್ಕಾಲು ತೆಗೆಯಿರಿ. ಕಂಸವನ್ನೇ ಸುತ್ತಳತೆ ಎಂದುಕೊಂಡರೆ ತ್ರಿಜ್ಯವೇ ತಪ್ಪುತ್ತದೆ.